ಟೈಟ್ರೇಟ್ ಮಾಡೋದು ಅಂದ್ರೆ ಏನು? ಬ್ಯುರೆಟ್‌ನಿಂದ ಡಿಸ್ಚಾರ್ಜ್ ಚೀಟಿವರೆಗೆ

ಅಕ್ಕನ ಮಗ ಬಿಎಸ್‌ಸಿ ಕೊನೇ ವರ್ಷದಲ್ಲಿದ್ದಾನೆ. ಪೀಣ್ಯದ ಕಡೆ ಒಂದು ನೀರು ಪರೀಕ್ಷೆ ಲ್ಯಾಬ್‌ನಲ್ಲಿ ತಿಂಗಳು ಇಂಟರ್ನ್‌ಶಿಪ್ ಮಾಡಿ, ರಿಪೋರ್ಟ್ ಬರೆದು, ರಾತ್ರಿ ಹತ್ತೂವರೆಗೆ ನನಗೆ ಕಳಿಸಿದ. ‘ಚಿಕ್ಕಮ್ಮ, ಇಂಗ್ಲಿಷ್ ಒಂಚೂರು ನೋಡ್ಕೊಡು, ಬೆಳಿಗ್ಗೆ ಸಬ್‌ಮಿಟ್ ಮಾಡ್ಬೇಕು.’ ನಾನೂ ಹನ್ನೊಂದು ವರ್ಷ ಅಂಥದ್ದೇ ಲ್ಯಾಬ್‌ನಲ್ಲಿ ಬ್ಯುರೆಟ್ (ಕೆಳಗೆ ನಲ್ಲಿ ಇರೋ ಉದ್ದನೆಯ ಗಾಜಿನ ಅಳತೆ ಕೊಳವೆ) ಹಿಡಿದವಳು, ಹಾಗಾಗಿ ಮನೆಯಲ್ಲಿ ಇಂಥ ಕೆಲಸವೆಲ್ಲ ನನ್ನ ತಲೆಗೇ ಬರುತ್ತದೆ. ಎರಡನೇ ಪುಟದಲ್ಲೇ ಸಿಕ್ಕಿತು: ‘ವಿ ಟೈಟ್ರೇಟೆಡ್ ದ ಬ್ಯುರೆಟ್ ಆ್ಯಂಡ್ ಗಾಟ್ ದ ಹಾರ್ಡ್‌ನೆಸ್.’ ಹಾರ್ಡ್‌ನೆಸ್ ಅಂದರೆ ನೀರಿನ ಗಡಸುತನ, ಅದಿರಲಿ, ಬ್ಯುರೆಟ್ಟನ್ನೇ ಟೈಟ್ರೇಟ್ ಮಾಡಿಬಿಟ್ಟಿದ್ದಾನೆ ಹುಡುಗ! ‘ಸೌಟು ಬೇಯಿಸಿದೆವು, ಸಾರು ಸಿಕ್ಕಿತು’ ಅಂದ ಹಾಗಾಯಿತು.

ನಗು ಬಂತು. ಆದರೆ ಅವನೊಬ್ಬನ ತಪ್ಪಲ್ಲ ಇದು. ಪಿಯುಸಿಯಿಂದ ಹಿಡಿದು ಪ್ರತಿ ವರ್ಷ ಟೈಟ್ರೇಷನ್ ಮಾಡುತ್ತೇವೆ, ರೆಕಾರ್ಡ್ ಬುಕ್ ತುಂಬಿಸುತ್ತೇವೆ, ಸಹಿ ಹಾಕಿಸಿಕೊಳ್ಳುತ್ತೇವೆ. ಆ ಪದವನ್ನು ನಮ್ಮದೇ ವಾಕ್ಯದಲ್ಲಿ ಕೂರಿಸೋದು ಮಾತ್ರ ಯಾರೂ ಹೇಳಿಕೊಡಲ್ಲ. ಆಮೇಲೆ ಅದೇ ಪದ ಒಂದು ದಿನ ಅಪ್ಪನ ಡಿಸ್ಚಾರ್ಜ್ ಚೀಟಿಯಲ್ಲಿ ಬಂದು ಕೂತಾಗ, ಅಲ್ಲಿ ಬ್ಯುರೆಟ್ಟೂ ಇಲ್ಲ, ಬಣ್ಣ ಬದಲಿಸಿ ಸೂಚನೆ ಕೊಡೋ ಇಂಡಿಕೇಟರೂ ಇಲ್ಲ, ಇದೇನಪ್ಪಾ ಅಂತ ತಲೆ ಕೆರೆದುಕೊಳ್ಳುತ್ತೇವೆ. ಅದಕ್ಕೇ ಈ ಬರಹ. ಪಿಯು, ಬಿಎಸ್‌ಸಿ, ಫಾರ್ಮಸಿ, ನರ್ಸಿಂಗ್ ಓದುವವರಿಗೆ, ಮನೆಯಲ್ಲಿ ವಯಸ್ಸಾದವರ ಔಷಧಿ ಚೀಟಿ ಓದಬೇಕಾದವರಿಗೆ.

ಮೊದಲ ಹೆಜ್ಜೆ: ‘ಹದ’ ಹಿಡಿಯಿರಿ

ಡಿಕ್ಷನರಿ ಆಮೇಲೆ ತೆಗೆಯೋಣ. ಅಡುಗೆಮನೆಗೆ ಬನ್ನಿ. ಅಮ್ಮನನ್ನು ‘ಹಿಟ್ಟಿಗೆ ಎಷ್ಟು ನೀರು ಹಾಕಲಿ’ ಅಂತ ಕೇಳಿದರೆ ಏನನ್ನುತ್ತಾರೆ? ‘ಹದ ನೋಡ್ಕೊಂಡು ಹಾಕು.’ ಲೋಟದ ಲೆಕ್ಕ ಹೇಳಲ್ಲ. ಸ್ವಲ್ಪ ಹಾಕು, ಕಲಸು, ಬೆರಳಿಗೆ ಹೇಗೆ ಸಿಗುತ್ತೆ ನೋಡು, ಇನ್ನೂ ಬೇಕಾದರೆ ಇನ್ನೊಂಚೂರು ಹಾಕು, ಹದ ಬಂದ ತಕ್ಷಣ ನಿಲ್ಲಿಸು. ಎಷ್ಟು ಹಾಕಬೇಕು ಅನ್ನೋದನ್ನು ಮೊದಲೇ ತೀರ್ಮಾನ ಮಾಡೋದು ನೀವಲ್ಲ, ಹಿಟ್ಟೇ ಹೇಳುತ್ತದೆ.

ಟೈಟ್ರೇಟ್ ಅನ್ನೋದರ ಜೀವ ಇಷ್ಟೇ: ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ, ಎದುರಿಗಿರುವುದು ಏನು ಮಾಡುತ್ತಿದೆ ಅಂತ ನೋಡುತ್ತಾ, ಅದು ಸಾಕು ಅಂದಾಗ ನಿಲ್ಲಿಸೋದು. ಇದರಲ್ಲಿ ಮೂರೂ ಇರಬೇಕು. ಬರೀ ಹನಿ ಹನಿಯಾಗಿ ಸುರಿದರೆ ಅದು ಟೈಟ್ರೇಟ್ ಅಲ್ಲ, ಸುಮ್ನೆ ಸುರಿಯೋದು. ಬರೀ ಅಳೆದರೆ ಅದಕ್ಕೆ ಮೆಷರ್ ಅಂತ ಬೇರೆ ಪದ ಇದೆ.

ಕೆಮಿಸ್ಟ್ರಿಯಲ್ಲಿ ಅಮ್ಮನ ಹದಕ್ಕಿಂತ ಒಂದು ಮೆಟ್ಟಿಲು ಮೇಲಿದೆ. ಅಮ್ಮ ಎಷ್ಟು ನೀರು ಹೋಯಿತು ಅಂತ ಲೆಕ್ಕ ಇಡಲ್ಲ, ಕೆಮಿಸ್ಟ್ ಇಡುತ್ತಾನೆ. ಒಳಗೆ ಹೋದ ದ್ರಾವಣದ ಸಾಂದ್ರತೆ ಗೊತ್ತಿದೆ, ಎಷ್ಟು ಹೋಯಿತು ಅಂತ ಬ್ಯುರೆಟ್ ಹೇಳುತ್ತದೆ, ಆ ಎರಡರಿಂದ ಎದುರಿಗಿದ್ದದ್ದರಲ್ಲಿ ಏನೆಷ್ಟಿತ್ತು ಅಂತ ಲೆಕ್ಕ ಹಾಕಬಹುದು. ಅಂದರೆ ಕೆಮಿಸ್ಟ್ರಿಯಲ್ಲಿ ಟೈಟ್ರೇಟ್ ಮಾಡೋದು ಗೊತ್ತಿಲ್ಲದ್ದನ್ನು ಕಂಡುಹಿಡಿಯೋಕೆ. ವೈದ್ಯರು ಟೈಟ್ರೇಟ್ ಮಾಡೋದು ಸರಿಯಾದ ಡೋಸ್‌ಗೆ ತಲುಪೋಕೆ. ಪದ ಒಂದೇ, ಗುರಿ ಎರಡು. ಈ ವ್ಯತ್ಯಾಸ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೇ ಹೆಜ್ಜೆ: ಬಾಯಿಗೆ, ಕೈಗೆ ಸರಿಯಾಗಿ ಬರಲಿ

ಉಚ್ಚಾರ ಟೈ-ಟ್ರೇಟ್. ‘ಟಿ-ಟರೇಟ್’ ಅಂತ ಎಳೆಯಬೇಡಿ. ಸ್ಪೆಲಿಂಗ್‌ನಲ್ಲಿ ಟಿ, ಐ, ಟಿ, ಆರ್, ಎ, ಟಿ, ಇ, ಒಟ್ಟು ಏಳೇ ಅಕ್ಷರ. ಮೊದಲ ಟಿ ಆದಮೇಲೆ ಆರ್ ಸೇರಿಸಿ ‘ಟ್ರೈಟ್ರೇಟ್’ ಮಾಡೋರು ಬಹಳ ಜನ. ಫೋನಿನ ಆಟೋಕರೆಕ್ಟ್ ಇದನ್ನು ‘ನೈಟ್ರೇಟ್’ ಮಾಡಿಬಿಡುವುದೂ ಉಂಟು. ನೀರಿನ ರಿಪೋರ್ಟ್‌ನಲ್ಲಿ ನೈಟ್ರೇಟ್ ಅನ್ನೋ ಇನ್ನೊಂದು ಸಾಲು ಹೇಗೂ ಇರುತ್ತದಲ್ಲ, ಹಾಗಾಗಿ ಈ ತಪ್ಪು ಕಣ್ಣಿಗೆ ಬೀಳೋದೇ ಇಲ್ಲ. ಕಳಿಸೋ ಮೊದಲು ಒಮ್ಮೆ ಹುಡುಕಿ ನೋಡಿ.

ಫಾರ್ಮಸಿ ಮಕ್ಕಳಿಗೆ ಒಂದು ಬೇರೆ ಎಚ್ಚರಿಕೆ. ‘ಟ್ರಿಚುರೇಟ್’ ಅಂತ ಇನ್ನೊಂದು ಕ್ರಿಯಾಪದ ಇದೆ, ಖಲ್ಲಿನಲ್ಲಿ ಹಾಕಿ ನುಣ್ಣಗೆ ಅರೆಯೋದು ಅಂತ ಅರ್ಥ. ಬರೆದಾಗ ಟೈಟ್ರೇಟ್‌ಗೂ ಅದಕ್ಕೂ ಬಹಳ ಹೋಲಿಕೆ. ವೈವಾದಲ್ಲಿ ಒಂದು ಕೇಳಿದರೆ ಇನ್ನೊಂದು ಹೇಳಿ ಬಂದವರನ್ನು ನಾನು ಬಲ್ಲೆ.

ಕನ್ನಡದಲ್ಲಿ ‘ಅನುಮಾಪನ’ ಅಂತ ಒಂದು ಮಾತಿದೆ. ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಲ್ಯಾಬ್‌ನಲ್ಲಿ ಯಾರಾದರೂ ‘ಅನುಮಾಪನ ಮಾಡಿದ್ಯಾ’ ಅಂತ ಕೇಳಿದ್ದು ನನ್ನ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ. ‘ಟೈಟ್ರೇಟ್ ಮಾಡು’ ಅಂತಲೇ ಎಲ್ಲರೂ ಹೇಳೋದು, ನಾನೂ ಹಾಗೇ ಬರೆಯುತ್ತೇನೆ.

ಮೂರನೇ ಹೆಜ್ಜೆ: ಏನನ್ನು ಟೈಟ್ರೇಟ್ ಮಾಡಿದಿರಿ, ಕೇಳಿಕೊಳ್ಳಿ

ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ, ಯಾಕೆಂದರೆ ತಪ್ಪುಗಳಲ್ಲಿ ಜಾಸ್ತಿ ಪಾಲು ಇಲ್ಲೇ ಆಗೋದು.

ಟೈಟ್ರೇಟ್‌ಗೆ ಒಂದು ಕರ್ಮಪದ ಬೇಕು. ‘ಏನನ್ನು’ ಅನ್ನೋ ಪ್ರಶ್ನೆಗೆ ಉತ್ತರ. ಕೆಮಿಸ್ಟ್ರಿಯಲ್ಲಿ ಆ ಉತ್ತರ ಯಾವಾಗಲೂ ಕೋನಿಕಲ್ ಫ್ಲಾಸ್ಕ್‌ನಲ್ಲಿ ಇರೋದು, ಅಂದರೆ ಸಾಮಾನ್ಯವಾಗಿ ನೀವು ಪರೀಕ್ಷೆ ಮಾಡುತ್ತಿರುವ ಸ್ಯಾಂಪಲ್. ಬ್ಯುರೆಟ್‌ನಲ್ಲಿ ಇರೋದಕ್ಕೆ ಟೈಟ್ರಂಟ್ ಅಂತ ಹೆಸರು. ಬ್ಯುರೆಟ್ ಅನ್ನೋದು ಉಪಕರಣ ಅಷ್ಟೇ. ಉಪಕರಣವನ್ನು ತುಂಬಿಸಬಹುದು, ತೊಳೆಯಬಹುದು, ಸ್ಟ್ಯಾಂಡ್‌ಗೆ ಸಿಕ್ಕಿಸಬಹುದು, ಒಡೆದು ಹಾಕಿ ಫೈನ್ ಕಟ್ಟಬಹುದು. ಟೈಟ್ರೇಟ್ ಮಾಡೋಕಾಗಲ್ಲ.

ಹಾಗೇ ‘ಹಾರ್ಡ್‌ನೆಸ್’ ಅಥವಾ ‘ಕಾನ್ಸಂಟ್ರೇಷನ್’ ಅನ್ನೋದನ್ನೂ ಟೈಟ್ರೇಟ್ ಮಾಡೋಕಾಗಲ್ಲ. ಅದು ಕೊನೆಗೆ ಸಿಗೋ ಸಂಖ್ಯೆ. ಸಂಖ್ಯೆಗೆ ‘ಡಿಟರ್ಮಿನ್’ ಅನ್ನೋ ಕ್ರಿಯಾಪದ ಬಳಸಿ. ‘ದ ಹಾರ್ಡ್‌ನೆಸ್ ವಾಸ್ ಡಿಟರ್ಮಿನ್ಡ್ ಬೈ ಟೈಟ್ರೇಟಿಂಗ್ ದ ಸ್ಯಾಂಪಲ್.’ ಈ ವಾಕ್ಯದಲ್ಲಿ ಎರಡು ಕ್ರಿಯಾಪದಗಳೂ ತಮ್ಮ ತಮ್ಮ ಜಾಗದಲ್ಲಿ ಕೂತಿವೆ ನೋಡಿ.

ಒಮ್ಮೆ ಹತ್ತಿರದಿಂದ ನೋಡೋಣ, ಬೆಂಗಳೂರಿನವರಿಗೆಲ್ಲ ಗೊತ್ತಿರೋ ಕಥೆಯಿಂದಲೇ. ಕಾವೇರಿ ನೀರು ಬಾರದ ಅಪಾರ್ಟ್‌ಮೆಂಟ್, ಬೋರ್‌ವೆಲ್ ನೀರೇ ಗತಿ. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ, ನಲ್ಲಿ ಬಾಯಿಗೆ ಸುಣ್ಣದ ಗಡ್ಡ, ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ಲ. ಅಸೋಸಿಯೇಷನ್‌ನವರು ಒಂದು ಲೀಟರ್ ಕ್ಯಾನ್‌ನಲ್ಲಿ ಸ್ಯಾಂಪಲ್ ತರುತ್ತಾರೆ. ಅದರಲ್ಲಿ ಐವತ್ತು ಎಂಎಲ್ ಪಿಪೆಟ್‌ನಿಂದ ಫ್ಲಾಸ್ಕ್‌ಗೆ ಹಾಕುತ್ತೇವೆ. ಪಿಎಚ್ ಹತ್ತರ ಆಸುಪಾಸಿನಲ್ಲಿ ನಿಲ್ಲಲಿ ಅಂತ ಅಮೋನಿಯಾ ಬಫರ್, ಮೂಗಿಗೆ ಹೊಡೆಯೋ ವಾಸನೆ. ಆಮೇಲೆ ಚಿಟಿಕೆಯಷ್ಟು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಇಂಡಿಕೇಟರ್. ನೀರು ದ್ರಾಕ್ಷಿ ರಸದ ಹಾಗೆ ಕೆಂಪಾಗುತ್ತದೆ. ಬ್ಯುರೆಟ್‌ನಲ್ಲಿ 0.01 ಮೋಲಾರ್ ಇಡಿಟಿಎ.

ಎಡಗೈ ಬ್ಯುರೆಟ್‌ನ ನಲ್ಲಿಯ ತಿರುಪಿನ ಮೇಲೆ, ಬಲಗೈ ಫ್ಲಾಸ್ಕ್ ಸುತ್ತಿಸುತ್ತಾ ಇರಬೇಕು. ಮೊದಲು ಧಾರೆಯಾಗಿ ಬಿಟ್ಟರೂ ಪರವಾಗಿಲ್ಲ. ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಇಡಿಟಿಎ ಒಂದೊಂದಾಗಿ ಹಿಡಿದು ಕಟ್ಟಿಹಾಕುತ್ತಾ ಹೋಗುತ್ತದೆ. ಕೆಂಪು ಸ್ವಲ್ಪ ನೇರಳೆಗೆ ತಿರುಗಿದ ಹಾಗೆ ಅನ್ನಿಸಿದ ಕೂಡಲೇ ಕೈ ಬಿಗಿ ಮಾಡಬೇಕು. ಒಂದು ಹನಿ, ಸುತ್ತಿಸು, ಕಾಯು. ಇನ್ನೊಂದು ಹನಿ, ಸುತ್ತಿಸು. ಆ ಕೊನೆಯ ಹನಿಗೆ ಕೆಂಪು ಪೂರ್ತಿ ಹೋಗಿ ತಿಳಿ ನೀಲಿ ಬರುತ್ತದಲ್ಲ, ಅದೇ ಎಂಡ್ ಪಾಯಿಂಟ್. ಬ್ಯುರೆಟ್ 18.4 ತೋರಿಸುತ್ತಿದೆ ಅಂದುಕೊಳ್ಳಿ. ಈ ಇಡಿಟಿಎ ಒಂದು ಎಂಎಲ್ ಅಂದರೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. ಐವತ್ತು ಎಂಎಲ್‌ನಲ್ಲಿ 18.4 ಮಿಲಿಗ್ರಾಂ, ಅಂದರೆ ಲೀಟರ್‌ಗೆ 368. ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500, ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ, ಬೇರೆ ನೀರೇ ಇಲ್ಲ ಅಂದಾಗ 600ರವರೆಗೆ ಬಿಡುತ್ತದೆ. ಈ ನೀರು ಎರಡರ ಮಧ್ಯೆ.

ಈಗ ಹೇಳಿ, ಇಲ್ಲಿ ಟೈಟ್ರೇಟ್ ಆಗಿದ್ದು ಏನು? ನೀರಿನ ಸ್ಯಾಂಪಲ್. ಏನಿಂದ? ಇಡಿಟಿಎಯಿಂದ. ಎಲ್ಲಿಯವರೆಗೆ? ನೀಲಿ ಬರುವವರೆಗೆ. ಈ ಮೂರು ಉತ್ತರ ಸಿಕ್ಕರೆ ವಾಕ್ಯ ತಾನೇ ತಾನಾಗಿ ಸಿದ್ಧ.

ನಾನು ಸೇರಿದ ಮೊದಲ ವಾರದಲ್ಲಿ ಆ ನೇರಳೆ ಗಮನಿಸದೆ ಧಾರೆ ಬಿಟ್ಟು, ನೀಲಿ ಬಂದು ಎಷ್ಟೋ ಹೊತ್ತಾದ ಮೇಲೆ ನಿಲ್ಲಿಸಿದ್ದೆ. ಎರಡು ಎಂಎಲ್ ಜಾಸ್ತಿ ಹೋಗಿತ್ತು. ನೀಲಿಯಾದ ಮೇಲೆ ಎಷ್ಟು ಸುರಿದರೂ ಅದೇ ನೀಲಿ, ಜಾಸ್ತಿ ಹೋಗಿದೆ ಅಂತ ಫ್ಲಾಸ್ಕ್ ನೋಡಿ ಯಾರಿಗೂ ಗೊತ್ತಾಗಲ್ಲ. ನಾನೂ ಸುಮ್ನೆ ಬರೆದುಬಿಟ್ಟೆ. ಎರಡನೇ ಸಲ ಮಾಡಿದಾಗ ರೀಡಿಂಗ್ ಹೊಂದಲಿಲ್ಲ, ಸಿಕ್ಕಿಬಿದ್ದೆ. ಸೀನಿಯರ್ ಮೇಡಂ ಬೈಯಲಿಲ್ಲ. ‘ಸುರಿಯೋಕೆ ಬ್ಯುರೆಟ್ ಯಾಕಮ್ಮ, ಚೆಂಬು ಸಾಕಾಗಿತ್ತು’ ಅಂದರು ಅಷ್ಟೇ. ಒಂದೇ ಥರದ ಎರಡು ರೀಡಿಂಗ್ ಬರೋವರೆಗೂ ಮಾಡಿಸೋದು ಯಾಕೆ ಅಂತ ಅವತ್ತು ಅರ್ಥವಾಯಿತು.

ನಾಲ್ಕನೇ ಹೆಜ್ಜೆ: ಜೊತೆಗೆ ಬರೋ ಪುಟ್ಟ ಪದಗಳು

ವಿತ್, ಅಗೇನ್‌ಸ್ಟ್, ಟು, ಅಪ್, ಡೌನ್. ಈ ಐದು ಸಾಕು.

‘ಟೈಟ್ರೇಟ್ ಎ ವಿತ್ ಬಿ’ ಅಂದರೆ ಎ ಫ್ಲಾಸ್ಕ್‌ನಲ್ಲಿ, ಬಿ ಬ್ಯುರೆಟ್‌ನಲ್ಲಿ. ನಮ್ಮ ಕಾಲೇಜುಗಳಲ್ಲಿ ‘ವಿತ್’ ಬದಲು ‘ಅಗೇನ್‌ಸ್ಟ್’ ಜಾಸ್ತಿ ಕೇಳುತ್ತೇವೆ. ಅದೂ ಸರಿಯೇ. ‘ಟೈಟ್ರೇಟ್ ಆಕ್ಸಾಲಿಕ್ ಆಸಿಡ್ ಅಗೇನ್‌ಸ್ಟ್ ಪೊಟ್ಯಾಸಿಯಂ ಪರ್ಮ್ಯಾಂಗನೇಟ್’ ಅಂದರೆ ಪರ್ಮ್ಯಾಂಗನೇಟ್ ಬ್ಯುರೆಟ್‌ನಲ್ಲಿ. ಕಷ್ಟ ಏನಂದರೆ ‘ಅಗೇನ್‌ಸ್ಟ್’ ಬಳಸುವವರು ಕೆಲವು ಸಲ ಉಲ್ಟಾ ಹೇಳಿಬಿಡುತ್ತಾರೆ, ಫ್ಲಾಸ್ಕ್‌ನಲ್ಲಿ ಇರೋದು ಯಾವುದು ಅಂತ ಓದುವವರಿಗೆ ಗೊಂದಲ. ನನ್ನ ಸಲಹೆ: ಸ್ವಂತ ಬರಹದಲ್ಲಿ ‘ವಿತ್’ ಬಳಸಿ, ಬೇರೆಯವರ ಬರಹದಲ್ಲಿ ‘ಅಗೇನ್‌ಸ್ಟ್’ ಕಂಡರೆ ಅವರದೇ ರೀಡಿಂಗ್ ಟೇಬಲ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಪರ್ಮ್ಯಾಂಗನೇಟ್ ಹೆಸರು ಬಂತಲ್ಲ, ಸೆಕೆಂಡ್ ಪಿಯು ಮಕ್ಕಳಿಗೆ ಎರಡು ಮಾತು. ಅದಕ್ಕೆ ಬೇರೆ ಇಂಡಿಕೇಟರ್ ಬೇಡ, ಅದೇ ಬಣ್ಣದ್ದು, ಹೋಗದೆ ಉಳಿಯೋ ತಿಳಿ ಗುಲಾಬಿ ಬಂದರೆ ಮುಗಿಯಿತು. ಆಕ್ಸಾಲಿಕ್ ಆಸಿಡ್ ಆದರೆ ಸುಮಾರು 60ರಿಂದ 70 ಡಿಗ್ರಿವರೆಗೆ ಬಿಸಿ ಮಾಡಬೇಕು, ಮೊಹ್ರ್ ಸಾಲ್ಟ್ ಆದರೆ ಬಿಸಿ ಮಾಡಬಾರದು. ಮತ್ತೆ ದ್ರಾವಣ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್‌ನಲ್ಲಿ ಮೇಲಿನ ಅಂಚು ಓದಿ, ಬೇರೆ ತಿಳಿ ದ್ರಾವಣಗಳಿಗೆ ಕೆಳಗಿನ ಅಂಚು.

‘ಟು’ ಬಂದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು. ‘ಟೈಟ್ರೇಟ್ ಟು ಎ ಫೇಂಟ್ ಪಿಂಕ್’ ಅಂದರೆ ತಿಳಿ ಗುಲಾಬಿ ಬರೋವರೆಗೆ. ‘ಟೈಟ್ರೇಟ್ ಟು ಎಫೆಕ್ಟ್’ ಅಂತ ಅನಸ್ತೇಷಿಯಾದವರ ಬಾಯಲ್ಲಿ ಕೇಳುತ್ತೀರಿ, ಬೇಕಾದ ಪರಿಣಾಮ ಕಾಣೋವರೆಗೆ ಅಂತ. ‘ಅಪ್’, ‘ಡೌನ್’ ಎರಡೂ ಔಷಧಿ ಲೋಕದವು. ಬ್ಯುರೆಟ್ ಹಿಡಿದವರು ‘ಟೈಟ್ರೇಟೆಡ್ ಅಪ್ ದ ಆಸಿಡ್’ ಅಂತ ಬರೆದರೆ ನಗೆಪಾಟಲು.

ಇನ್ನೊಂದು ಜೋಡಿ ಪದ, ‘ಬ್ಯಾಕ್-ಟೈಟ್ರೇಟ್’. ಅಂಗಡಿಯಲ್ಲಿ ಸಾಮಾನು ತಗೊಂಡು ಐನೂರರ ನೋಟು ಕೊಟ್ಟಿರಿ, ರಸೀದಿ ಕೊಡಲಿಲ್ಲ, ವಾಪಸ್ ಬಂದ ಚಿಲ್ಲರೆ 135. ಹಾಗಾದರೆ ಸಾಮಾನಿಗೆ 365 ಹೋಯಿತು ಅಂತ ಲೆಕ್ಕ ಸಿಗುತ್ತಲ್ವಾ? ಮೊಟ್ಟೆ ಸಿಪ್ಪೆಯ ಥರದ, ನೀರಲ್ಲಿ ಕರಗದ ವಸ್ತುವಿಗೆ ಹೀಗೇ ಮಾಡೋದು. ಬೇಕಾದ್ದಕ್ಕಿಂತ ಜಾಸ್ತಿ ಆಸಿಡ್ ಲೆಕ್ಕ ಮಾಡಿ ಹಾಕಿ, ಉಳಿದ ಆಸಿಡ್ಡನ್ನು ಬೇಸ್‌ನಿಂದ ಟೈಟ್ರೇಟ್ ಮಾಡಿ, ಕಳೆದು ನೋಡೋದು. ಇಲ್ಲಿ ಕರ್ಮಪದ ‘ಉಳಿದ ಆಸಿಡ್’: ‘ದಿ ಎಕ್ಸೆಸ್ ಆಸಿಡ್ ವಾಸ್ ಬ್ಯಾಕ್-ಟೈಟ್ರೇಟೆಡ್ ವಿತ್ ಸೋಡಿಯಂ ಹೈಡ್ರಾಕ್ಸೈಡ್.’

ಮಧ್ಯೆ ಒಂದು ಸಣ್ಣ ಸುತ್ತು: ಒರೆಗಲ್ಲಿನ ನಂಟು

ಈ ಪದದ ತವರು ಫ್ರೆಂಚ್. ಅಲ್ಲಿ ‘ಟಿತ್ರ್’ ಅಂದರೆ ಚಿನ್ನ ಬೆಳ್ಳಿಯ ಶುದ್ಧತೆ, ನಮ್ಮ ಚಿಕ್ಕಪೇಟೆ ಚಿನ್ನದಂಗಡಿಗಳಲ್ಲಿ ‘916’ ಅಂತಾರಲ್ಲ, ಅಂಥದ್ದು. ಅದರ ಅಜ್ಜಿ ಲ್ಯಾಟಿನ್‌ನ ‘ಟಿಟುಲಸ್’, ಇಂಗ್ಲಿಷ್‌ನ ‘ಟೈಟಲ್’ ಕೂಡ ಅದೇ ಮನೆಯ ಮಗು. 1791ರಲ್ಲಿ ಫ್ರಾನ್ಸ್‌ನ ದೆಕ್ರುವಾಝೀ ಅನ್ನೋರು ಬಟ್ಟೆ ಬಿಳಿ ಮಾಡೋ ದ್ರಾವಣ ಎಷ್ಟು ಗಟ್ಟಿ ಇದೆ ಅಂತ ನೋಡೋಕೆ ಬ್ಯುರೆಟ್‌ನಂಥ ಒಂದು ಅಳತೆ ಕೊಳವೆ ಮಾಡಿಕೊಂಡರು. ಆಮೇಲೆ ಗೇ-ಲುಸಾಕ್ ಬಂದರು, ಗ್ಯಾಸ್ ನಿಯಮದಲ್ಲಿ ಹೆಸರು ಓದಿರುತ್ತೀರಿ. 1830ರ ದಶಕದ ಮೊದಲಲ್ಲಿ ಅವರು ಬೆಳ್ಳಿಯ ಶುದ್ಧತೆಯನ್ನು ಉಪ್ಪಿನ ದ್ರಾವಣ ಹಾಕಿ ಕಂಡುಹಿಡಿಯೋ ದಾರಿ ತೋರಿಸಿದರು. ಒರೆಗಲ್ಲಿಗೆ ಹಚ್ಚೋ ಕೆಲಸವನ್ನು ಗಾಜಿನ ಕೊಳವೆಗೆ ತಂದ ಹಾಗೆ. ಜರ್ಮನಿಯ ಮೊಹ್ರ್ 1855ರಲ್ಲಿ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಹೌದು, ಪ್ರಾಕ್ಟಿಕಲ್ಸ್‌ನಲ್ಲಿ ಕಾಡೋ ಮೊಹ್ರ್ ಸಾಲ್ಟ್‌ನ ಅದೇ ಮೊಹ್ರ್.

ಇದು ಯಾಕೆ ಬೇಕು ಅಂದರೆ, ‘ಟೈಟರ್’ ಅನ್ನೋ ನಾಮಪದ ಅರ್ಥವಾಗೋಕೆ. ಕಾಲೇಜಲ್ಲಿ ನಾವು ‘ಟೈಟರ್ ವ್ಯಾಲ್ಯೂ’ ಅಂತ ಬರೆಯೋದು ಇದನ್ನೇ, ಎಂಡ್ ಪಾಯಿಂಟ್‌ವರೆಗೆ ಬ್ಯುರೆಟ್‌ನಿಂದ ಹೋದ ಎಂಎಲ್. ಕೆಲವರು ‘ಟೈಟ್ರೇಟ್ ವ್ಯಾಲ್ಯೂ’ ಅಂತ ಬರೆಯುತ್ತಾರೆ. ಅದು ತಪ್ಪು, ಕ್ರಿಯಾಪದವನ್ನು ನಾಮಪದದ ಕುರ್ಚಿಯಲ್ಲಿ ಕೂರಿಸಿದ ಹಾಗೆ. ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ ಕೊನೆಗೆ ಆರ್-ಇ, ಅಮೆರಿಕನ್ ಸ್ಪೆಲಿಂಗ್‌ನಲ್ಲಿ ಇ-ಆರ್. ಯಾವುದಾದರೂ ಒಂದನ್ನೇ ಕೊನೇವರೆಗೂ ಬಳಸಿ.

ಇದೇ ಟೈಟರ್ ರಕ್ತದ ರಿಪೋರ್ಟ್‌ನಲ್ಲೂ ಬರುತ್ತದೆ. ಜ್ವರ ಬಿಡದಿದ್ದಾಗ ವಿಡಾಲ್ ಟೆಸ್ಟ್ ಬರೆದುಕೊಡುತ್ತಾರಲ್ಲ, ಅದರಲ್ಲಿ 1:80, 1:160 ಅಂತ ಇರುತ್ತದೆ. 1:160 ಅಂದರೆ ಸೀರಂ ಅನ್ನು 160 ಪಟ್ಟು ತೆಳು ಮಾಡಿದ ಮೇಲೂ ಪ್ರತಿಕಾಯ ಕೆಲಸ ಮಾಡಿದ್ದು ಕಂಡಿತು ಅಂತ. ಎರಡನೇ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಜಾಸ್ತಿ. ಅದನ್ನು ನೋಡಿ ನೀವೇ ಟೈಫಾಯ್ಡ್ ಅಂತ ತೀರ್ಪು ಕೊಟ್ಟುಕೊಳ್ಳಬೇಡಿ, ಡಾಕ್ಟರ್ ಉಳಿದದ್ದನ್ನೂ ಸೇರಿಸಿ ನೋಡುತ್ತಾರೆ.

ಐದನೇ ಹೆಜ್ಜೆ: ಔಷಧಿ ಚೀಟಿಯಲ್ಲಿ ಕಂಡಾಗ

ಈಗ ಅಪ್ಪನ ಕಥೆ. ಶುಗರ್ ಜಾಸ್ತಿಯಾಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಬರುವಾಗ ರಾತ್ರಿ ಇನ್ಸುಲಿನ್ ಬರೆದುಕೊಟ್ಟು, ಕೆಳಗೆ ಒಂದು ಸಾಲು: ‘ಟೈಟ್ರೇಟ್ ಬೈ 2 ಯೂನಿಟ್ಸ್ ಎವ್ರಿ 3 ಡೇಸ್ ಟು ಫಾಸ್ಟಿಂಗ್ ಬಿಲೋ 130.’ ಮನೆಯಲ್ಲಿ ಮೂವರು ಓದಿದೆವು, ಮೂರು ಅರ್ಥ. ತಮ್ಮ ‘ಮೂರು ದಿನಕ್ಕೊಮ್ಮೆ ಎರಡು ಯೂನಿಟ್ ಕೊಡೋದು’ ಅಂದ. ಅತ್ತಿಗೆ ‘ಎರಡೆರಡು ಕಡಿಮೆ ಮಾಡ್ತಾ ಬರೋದಿರಬೇಕು’ ಅಂದರು. ನಾನು ಲ್ಯಾಬ್‌ನವಳು, ದೊಡ್ಡದಾಗಿ ಹೇಳೋಕೆ ಹೋದೆ, ಆದರೆ ನನಗೂ ಅದು ಏರಿಸೋದಾ ಇಳಿಸೋದಾ ಖಾತ್ರಿ ಇರಲಿಲ್ಲ. ಅಪ್ಪ ಮಾತ್ರ ‘ನೀವೆಲ್ಲ ಓದಿದ್ದು ದಂಡ’ ಅಂತ ಟಿವಿ ಹಾಕಿಕೊಂಡು ಕೂತರು. ಕೊನೆಗೆ ಡಾಕ್ಟರಿಗೇ ಫೋನ್ ಮಾಡಿ ಕೇಳಿದೆವು. ದಿನಾ ರಾತ್ರಿ ಬರೆದಷ್ಟು ತಗೋಬೇಕು, ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ನೋಡಬೇಕು, ಅದು 130ರ ಮೇಲೇ ಇದ್ದರೆ ಮೂರು ದಿನಕ್ಕೊಮ್ಮೆ ಎರಡು ಯೂನಿಟ್ ಏರಿಸಬೇಕು, 130ರ ಕೆಳಗೆ ಬಂದರೆ ಅಲ್ಲೇ ನಿಲ್ಲಿಸಬೇಕು, ತೀರಾ ಇಳಿದರೆ ತಕ್ಷಣ ತಿಳಿಸಬೇಕು.

ನೋಡಿ, ಇಲ್ಲೂ ಮೂರೇ ಪ್ರಶ್ನೆ, ಮಧ್ಯದ್ದು ಮಾತ್ರ ಬೇರೆ. ಏನನ್ನು? ಇನ್ಸುಲಿನ್ ಡೋಸ್. ಎಷ್ಟೆಷ್ಟಾಗಿ? ಎರಡು ಯೂನಿಟ್, ಮೂರು ದಿನಕ್ಕೊಮ್ಮೆ. ಎಲ್ಲಿಯವರೆಗೆ? ಗ್ಲುಕೋಮೀಟರ್ ಹೇಳುವವರೆಗೆ. ಫ್ಲಾಸ್ಕ್‌ನ ಬಣ್ಣದ ಕೆಲಸವನ್ನು ಇಲ್ಲಿ ಬೆರಳ ತುದಿಯ ರಕ್ತದ ಹನಿ ಮಾಡುತ್ತದೆ. ಆದರೆ ಫ್ಲಾಸ್ಕ್‌ನಲ್ಲಿ ಹನಿ ಹೆಚ್ಚಾದರೆ ಚೆಲ್ಲಿ ಮತ್ತೆ ಮಾಡಬಹುದು, ಮೈಯಲ್ಲಿ ಹಾಗಾಗಲ್ಲ. ಆದ್ದರಿಂದ ಚೀಟಿಯಲ್ಲಿ ಟೈಟ್ರೇಟ್ ಅಂತ ಕಂಡರೆ ಆಸ್ಪತ್ರೆ ಬಿಡೋ ಮೊದಲೇ ಕೇಳಿ: ಏರಿಸೋದಾ ಇಳಿಸೋದಾ, ಎಷ್ಟು ದಿನಕ್ಕೊಮ್ಮೆ, ಏನು ನೋಡಿ ನಿಲ್ಲಿಸಬೇಕು, ಯಾವಾಗ ಫೋನ್ ಮಾಡಬೇಕು, ನಾವೇ ಮಾಡೋದಾ ಅಥವಾ ನೀವು ಹೇಳಿದ ಮೇಲಾ. ಉತ್ತರವನ್ನು ಕನ್ನಡದಲ್ಲೇ ಚೀಟಿಯ ಹಿಂದೆ ಬರೆದಿಡಿ. ಇದನ್ನು ಓದಿ ನಿಮ್ಮ ಮನೆಯವರ ಡೋಸನ್ನು ನೀವೇ ಬದಲಿಸೋಕೆ ಹೋಗಬೇಡಿ, ಅಪ್ಪನ ಸಂಖ್ಯೆ ಅಪ್ಪನಿಗಷ್ಟೇ.

ಔಷಧಿಯ ವಿಷಯದಲ್ಲಿ ಟೈಟ್ರೇಟ್ ಅಂತ ಬರೀ ಬರೆದಿದ್ದರೆ ಸಾಮಾನ್ಯವಾಗಿ ಕಡಿಮೆಯಿಂದ ಶುರು ಮಾಡಿ ಏರಿಸೋದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಮೊದಲೇ ಪೂರ್ತಿ ಡೋಸ್ ಕೊಡದೆ ನಿಧಾನವಾಗಿ ಏರಿಸೋದು ಹೊಟ್ಟೆ ಕೆಡದಿರಲಿ ಅಂತ. ಥೈರಾಯ್ಡ್ ಮಾತ್ರೆಗೆ ಆರೆಂಟು ವಾರ ಬಿಟ್ಟು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ ಆಮೇಲೆ ಡೋಸ್ ಬದಲಿಸೋದೂ ಟೈಟ್ರೇಷನ್ನೇ, ಹನಿಗಳ ಮಧ್ಯೆ ವಾರಗಟ್ಟಲೆ ಕಾಯೋ ಟೈಟ್ರೇಷನ್. ಐಸಿಯುನಲ್ಲಿ ಆಕ್ಸಿಜನ್ ಅನ್ನೂ ಹೀಗೇ, ಬೆರಳಿಗೆ ಸಿಕ್ಕಿಸಿದ ಕ್ಲಿಪ್‌ನ ಸಂಖ್ಯೆ ನೋಡುತ್ತಾ ಏರಿಸಿ ಇಳಿಸುತ್ತಾರೆ. ಗೊರಕೆ ಕಾಯಿಲೆಯವರಿಗೆ ರಾತ್ರಿಯೆಲ್ಲ ಮಲಗಿಸಿ, ಮಾಸ್ಕ್‌ನಿಂದ ಗಾಳಿ ಊದೋ ಸಿಪ್ಯಾಪ್ ಮೆಷಿನ್‌ನ ಒತ್ತಡ ಹೊಂದಿಸೋದಕ್ಕೆ ‘ಟೈಟ್ರೇಷನ್ ಸ್ಟಡಿ’ ಅಂತಲೇ ಹೆಸರು.

ಆರನೇ ಹೆಜ್ಜೆ: ಅಕ್ಕಪಕ್ಕದ ಪದಗಳ ಜೊತೆ ಗೊಂದಲ ಬೇಡ

ಡೈಲ್ಯೂಟ್ ಅಂದರೆ ತೆಳು ಮಾಡೋದು, ಅಲ್ಲಿ ನಿಲ್ಲಿಸು ಅಂತ ಹೇಳೋರು ಯಾರೂ ಇಲ್ಲ. ಕ್ಯಾಲಿಬ್ರೇಟ್ ಅಂದರೆ ಅಳತೆ ಮಾಡೋ ಸಾಧನವನ್ನೇ ಸರಿಪಡಿಸೋದು: ತರಕಾರಿ ಅಂಗಡಿಯ ತಕ್ಕಡಿಯನ್ನು ಕ್ಯಾಲಿಬ್ರೇಟ್ ಮಾಡುತ್ತಾರೆ, ಟೊಮೆಟೊವನ್ನಲ್ಲ. ಅಕ್ಕನ ಮಗ ಬರೆಯಬೇಕು ಅಂದುಕೊಂಡಿದ್ದು ಬಹುಶಃ ಇದೇ ಇರಬೇಕು, ಬ್ಯುರೆಟ್ಟನ್ನು ಕ್ಯಾಲಿಬ್ರೇಟ್ ಮಾಡಬಹುದು. ಟೇಪರ್ ಅಂದರೆ ಔಷಧಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ನಿಲ್ಲಿಸೋದು, ಸ್ಟೀರಾಯ್ಡ್ ಮಾತ್ರೆಗಳಿಗೆ ಜಾಸ್ತಿ ಬಳಸುತ್ತಾರೆ. ಅತ್ತಿಗೆ ಅಂದುಕೊಂಡಿದ್ದು ಟೇಪರ್. ಅಡ್ಜಸ್ಟ್ ಅನ್ನೋದು ಎಲ್ಲಕ್ಕೂ ಸಲ್ಲೋ ಪದ, ಅನುಮಾನ ಬಂದರೆ ಅದನ್ನೇ ಬರೆದುಬಿಡಿ, ಮರ್ಯಾದೆ ಉಳಿಯುತ್ತದೆ.

ಇತ್ತೀಚೆಗೆ ವೈಟ್‌ಫೀಲ್ಡ್ ಕಡೆಯ ಆಫೀಸುಗಳಲ್ಲೂ ಈ ಪದ ಕಾಲಿಟ್ಟಿದೆ. ‘ಲೆಟ್ಸ್ ಟೈಟ್ರೇಟ್ ದ ರೋಲ್‌ಔಟ್’ ಅಂತ ಒಬ್ಬ ಗೆಳತಿಯ ಮ್ಯಾನೇಜರ್ ಹೇಳಿದರಂತೆ. ಹೊಸ ಸಾಫ್ಟ್‌ವೇರನ್ನು ಮೊದಲು ಐದು ಪರ್ಸೆಂಟ್ ಜನಕ್ಕೆ ಬಿಟ್ಟು, ಎರರ್ ನೋಡಿ, ಸರಿಯಿದ್ದರೆ ಹತ್ತಕ್ಕೆ ಏರಿಸೋದು ಅಂತಾದರೆ ಆ ಬಳಕೆ ಸರಿಯೇ, ನೋಡಿ ಏರಿಸೋ ಗುಣ ಅಲ್ಲಿದೆ. ಸುಮ್ನೆ ‘ನಿಧಾನಕ್ಕೆ ಮಾಡೋಣ’ ಅನ್ನೋದಕ್ಕೆ ಟೈಟ್ರೇಟ್ ಅಂದರೆ ನನಗೆ ಮೈ ಉರಿಯುತ್ತದೆ.

ಏಳನೇ ಹೆಜ್ಜೆ: ಬರೆದು ತಿದ್ದಿ

ರೆಕಾರ್ಡ್, ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಭೂತಕಾಲ, ಕರ್ಮಣಿ ಪ್ರಯೋಗ: ‘ವಾಸ್ ಟೈಟ್ರೇಟೆಡ್.’ ಮಾಡುವ ವಿಧಾನ ಬರೆಯುವಾಗ ಆಜ್ಞೆಯ ರೂಪ: ‘ಟೈಟ್ರೇಟ್ ದ ಸ್ಯಾಂಪಲ್.’ ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ. ‘ಡಿಡ್ ಟೈಟ್ರೇಷನ್ ಟು ದ ವಾಟರ್’ ಅಂತ ಬರೆಯೋದು ನಾವು ಕನ್ನಡದಲ್ಲಿ ‘ನೀರಿಗೆ ಟೈಟ್ರೇಷನ್ ಮಾಡಿದೆ’ ಅಂತ ಯೋಚಿಸೋದರಿಂದ. ಇಂಗ್ಲಿಷ್‌ನಲ್ಲಿ ‘ನೀರನ್ನು’ ಅಂತ ಯೋಚಿಸಿ, ಸರಿಹೋಗುತ್ತದೆ.

ಆ ರಾತ್ರಿ ಹುಡುಗನಿಗೆ ತಿದ್ದಿ ಕೊಡಲಿಲ್ಲ. ಮೂರು ಪ್ರಶ್ನೆ ವಾಟ್ಸಾಪ್ ಮಾಡಿದೆ: ಏನನ್ನು, ಏನಿಂದ, ಎಲ್ಲಿಯವರೆಗೆ? ಹನ್ನೊಂದೂಕಾಲಿಗೆ ಉತ್ತರ ಬಂತು. ‘ಫಿಫ್ಟಿ ಎಂಎಲ್ ಆಫ್ ದ ಬೋರ್‌ವೆಲ್ ಸ್ಯಾಂಪಲ್ ವಾಸ್ ಟೈಟ್ರೇಟೆಡ್ ವಿತ್ 0.01 ಎಂ ಇಡಿಟಿಎ ಅಂಟಿಲ್ ದ ಕಲರ್ ಚೇಂಜ್ಡ್ ಫ್ರಮ್ ವೈನ್ ರೆಡ್ ಟು ಬ್ಲೂ.’ ಚೆನ್ನಾಗಿದೆ ಅಂತ ಬರೆದು ಫೋನ್ ಇಡುವಷ್ಟರಲ್ಲಿ ಇನ್ನೊಂದು ಮೆಸೇಜ್: ‘ಚಿಕ್ಕಮ್ಮ, ಮೂರನೇ ಪುಟದಲ್ಲಿ ಪಿಪೆಟ್ಟನ್ನೂ ಟೈಟ್ರೇಟ್ ಮಾಡಿದೀನಿ, ಅದನ್ನೂ ಸರಿ ಮಾಡ್ತೀನಿ, ತಾಳು.’